ನಲವತ್ತು ಕಿಲೋದ ಡಬ್ಬಗಳು

ಬೂಸಾನ್‌ನ ಬೆಟ್ಟದ ಒರತೆಯ ಬಳಿ ಬೆಳಗ್ಗೆ ವ್ಯಾಯಾಮಕ್ಕೆ ಸೇರುವ ಮುದುಕರಲ್ಲಿ ಒಂದು ಕಟ್ಟಳೆಯಿತ್ತು. ಪೇಂಟ್ ಡಬ್ಬಗಳಿಗೆ ಸಿಮೆಂಟು ತುಂಬಿ, ಕಬ್ಬಿಣದ ಪೈಪಿನ ಎರಡು ತುದಿಗೆ ಕೂರಿಸಿದ ನಲವತ್ತು ಕಿಲೋ ಭಾರವನ್ನು ಹತ್ತು ಸಲ ಎದೆಮಟ್ಟಕ್ಕೆ ಎತ್ತಿದವನೇ ಎಲ್ಲರ ವ್ಯಾಯಾಮಕ್ಕೂ 'ಒಂದು, ಎರಡು' ಎಂದು ಎಣಿಕೆ ಕೂಗಬೇಕು. ಇಪ್ಪತ್ತು ವರ್ಷದಿಂದ ಕೂಗುತ್ತಿದ್ದವನು ತಕ್ ಮಾನ್‌ಹೊ. ಎಪ್ಪತ್ತನಾಲ್ಕು ತುಂಬಿದ ಈ ವಸಂತದಲ್ಲಿ ಆರನೆಯದಕ್ಕೇ ಅವನ ತೋಳು ಸೋತಿತು. ಬರುವ ಭಾನುವಾರವೂ ಹೀಗಾದರೆ ಕೂಗುವ ಹಕ್ಕು ಹೋಗುತ್ತಿತ್ತು.

ತನಗೆ ವಯಸ್ಸಾಯಿತೆಂದು ನಂಬಲು ತಕ್ ಸಿದ್ಧನಿರಲಿಲ್ಲ. ಬೆಟ್ಟ ಹತ್ತುವಾಗ ಐವತ್ತರವರನ್ನೇ ಹಿಂದೆ ಹಾಕುತ್ತಿದ್ದನಲ್ಲ! ಭಾರ ಎತ್ತಿದ ನೋವು ಈಗ ನಾಲ್ಕು ದಿನವಾದರೂ ಇಳಿಯುತ್ತಿರಲಿಲ್ಲ, ಅದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಆರೋಗ್ಯ ಕೇಂದ್ರದ ಹುಡುಗಿ, "ನಡೆಯೋ ದಮ್ಮು ಉಳಿಯುತ್ತೆ ತಾತ, ಎತ್ತೋ ಬಲ ಬೇಗ ಇಳಿಯುತ್ತೆ" ಎಂದಾಗ, ಇವಳು ಯಾವುದೋ ಶಕ್ತಿಯ ಪುಡಿ ಮಾರಲು ಬಂದಿದ್ದಾಳೆ ಎಂದುಕೊಂಡ.

ಅನುಮಾನವೆಲ್ಲ ಗೂ ಬೊಂಗ್‌ಸಿಕ್ ಮೇಲೆ. ಎರಡು ವರ್ಷ ಕಿರಿಯ, ಹಳೆಯ ಗಾರೆ ಕೆಲಸದವನು. ಪ್ರತಿ ವಸಂತದಲ್ಲೂ ಡಬ್ಬಗಳಿಗೆ ಬಣ್ಣ ಬಳಿಯುವ ನೆಪದಲ್ಲಿ ಮನೆಗೆ ಒಯ್ಯುತ್ತಿದ್ದವನೂ ಅವನೇ.

"ಸಿಮೆಂಟು ಜಾಸ್ತಿ ಹಾಕಿದೀಯ. ಎಣಿಕೆ ಕೂಗೋ ಆಸೆ ತಾನೇ ನಿಂಗೆ?"

"ಅಯ್ಯೋ, ಹಾಗೇನಿಲ್ಲ ಅಣ್ಣ."

"ಹಿಡಿ ಆ ಕಡೆ. ತೂಕ ಹಾಕಿಸೋಣ."

"ಬೇಡ ಅಣ್ಣ. ನಾನೇ ಹಾಕ್ದೆ ಅಂತ ಇಟ್ಕೊ, ತೆಗೆದುಬಿಡ್ತೀನಿ."

ಈ ಮಾತು ಕೇಳಿ ತಕ್‌ನ ಅನುಮಾನ ಇಮ್ಮಡಿಯಾಯಿತು. ಇಬ್ಬರೂ ಒಂದೊಂದು ತುದಿ ಹಿಡಿದು ಬೆಟ್ಟ ಇಳಿದರು. ದಾರಿಯುದ್ದಕ್ಕೂ ಗೂ ಗೋಗರೆಯುತ್ತಿದ್ದ, ತಕ್ ಬೈಯುತ್ತಿದ್ದ.

ಬುಡದಲ್ಲಿ ಎಲೆಕೋಸು ಮಾರುವವಳ ತಕ್ಕಡಿ ಮೂವತ್ತೊಂದು ತೋರಿಸಿತು.

"ನಿನ್ ತಕ್ಕಡಿ ಕೆಟ್ಟಿದೆ ಕಣಮ್ಮ!" ಎಂದ ತಕ್. ಆಕೆ ಸಿಡುಕುತ್ತಾ ಹತ್ತು ಕಿಲೋದ ಉಪ್ಪಿನ ಚೀಲ ಇಟ್ಟಳು. ಸರಿಯಾಗಿ ಹತ್ತು ತೋರಿಸಿತು.

ಗೂ ನೆಲ ನೋಡುತ್ತಾ ಹೇಳಿದ: "ಮೂರು ವರ್ಷದಿಂದ ಒಳಗಿನ ಸಿಮೆಂಟು ಕೆತ್ತಿ ಥರ್ಮಕೋಲು ಸೇರಿಸ್ತಿದೀನಿ ಅಣ್ಣ. ಈ ಸಲ ಸಾಲದೆ ಹೋಯ್ತು."

ತಕ್‌ಗೆ ಕಿವಿಯವರೆಗೂ ನಾಚಿಕೆ ಏರಿತು. ಕೊನೆಗೆ ಕೇಳಿದ, "ಇನ್ಯಾರಿಗೆ ಗೊತ್ತು?"

"ಎತ್ತೋರಿಗೆಲ್ಲ ಗೊತ್ತಾಗತ್ತಲ್ಲ ಅಣ್ಣ. ನಿಂಗೊಬ್ಬಂಗೇ ಗೊತ್ತಿರ್ಲಿಲ್ಲ."

ಬೆಟ್ಟ ಹತ್ತಲು ಕಾಲುಗಳಲ್ಲಿ ಬೇಕಾದಷ್ಟು ಕಸುವಿತ್ತು. ಆದರೂ ತಕ್ ಎಲೆಕೋಸಿನ ರಾಶಿಯ ಪಕ್ಕದಲ್ಲಿ ಕೂತೇ ಇದ್ದ.