ಒಂದು ಕಾಳು ಸಿಗ್ಲಿ

ಬಿಳಿ ಎಳ್ಳಿನಲ್ಲಿ ಸಾಮೆಯಕ್ಕಿಯ ಕಾಳೊಂದು ಸೇರಿಕೊಂಡರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಉಗುರಿನಿಂದ ಒತ್ತಿ ನೋಡಬೇಕು. ಎಳ್ಳು ಎಣ್ಣೆ ಬಿಡುತ್ತದೆ, ಸಾಮೆ ಪುಡಿಯಾಗುತ್ತದೆ. ಶಿವನಂಜಮ್ಮನವರು ಬಲಗೈ ಹೆಬ್ಬೆರಳಿನ ಉಗುರನ್ನು ಅದಕ್ಕಾಗಿಯೇ ಉದ್ದವಾಗಿ ಬಿಟ್ಟಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಕೊರಟಗೆರೆಯ ಜೂನಿಯರ್ ಕಾಲೇಜಿಗೆ ಪಾಠ ಹೇಳಲು ಹೋದಾಗ, ನಾನು ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರಿಗೆ ಆಗ ಎಪ್ಪತ್ತರ ಹತ್ತಿರ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮತ್ತು ಎಲ್ಲರ ಮೇಲೂ ಅನುಮಾನ. ಹಾಲಿನವನು ಅಳೆಯುವಾಗ ಪಾತ್ರೆಯನ್ನು ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ಬಂದ, ನಾನು ಓದಿ ಹೇಳಿದ ಅಂಚೆ ಕಾರ್ಡನ್ನು ಎದುರುಮನೆಯ ಮೇಷ್ಟ್ರ ಕೈಲಿ ಮತ್ತೊಮ್ಮೆ ಓದಿಸುತ್ತಿದ್ದರು. ಎರಡೂ ಒಂದೇ ಆಗಿದ್ದರೆ, ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೇವೆ ಎಂದು ಶಂಕಿಸುತ್ತಿದ್ದರು. ನಾನು ಬಾಗಿಲು ಹಾಕಿಕೊಂಡರೆ ಒಳಗೇನು ಮಾಡುತ್ತಿದ್ದೇನೆಂದು ಕೇಳುವರು. ಓದುತ್ತಿದ್ದೇನೆ ಎಂದರೆ, "ಓದಿ ಮುಗಿಸ್ಕೊಂಡೇ ಅಲ್ವಾ ಬಂದಿದ್ದು, ಮೇಡಮ್ಮ?" ಎನ್ನುವರು.

ಈ ಅನುಮಾನವೇ ಅವರನ್ನು ತಂಗಿಯಿಂದ ದೂರ ಮಾಡಿತ್ತು. ತಂಗಿ ಗೌರಮ್ಮ ಹೊಳವನಹಳ್ಳಿಯಲ್ಲಿದ್ದರು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅಲ್ಲಿ ಮೊಮ್ಮಗುವಿನ ನಾಮಕರಣದ ಊಟಕ್ಕೆ ಕೂತಾಗ ಅಕ್ಕ ಎಲೆಯ ಮೇಲಿನ ಅನ್ನವನ್ನು ಬೆರಳಲ್ಲಿ ಹರಡಿ ಕಲ್ಲು ಹುಡುಕುತ್ತಿದ್ದರು. ಅದನ್ನು ಕಂಡ ತಂಗಿ ಪಂಕ್ತಿಯವರೆಲ್ಲ ಕೇಳುವಂತೆ, "ನಮ್ಮಕ್ಕ ತೀರ್ಥಾನೂ ಸೋಸ್ಕೊಂಡು ಕುಡೀತಾಳೆ" ಎಂದರಂತೆ. ಎಲ್ಲರೂ ನಕ್ಕರು. ಶಿವನಂಜಮ್ಮ ಕೈ ತೊಳೆದು ಎದ್ದು, ಇನ್ನು ಈ ಮನೆಯ ಒಂದು ಕಾಳೂ ಮುಟ್ಟುವುದಿಲ್ಲ, ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಲಿಂಗ ಮುಟ್ಟಿ ಆಣೆಯಿಟ್ಟು ಬಂದರು. ನಾನು ಹೋಗುವ ಹೊತ್ತಿಗೆ ಅದಾಗಿ ಹನ್ನೊಂದು ವರ್ಷ.

ಆಣೆಯಲ್ಲಿ ತಂಗಿ ಒಂದು ಸಂದು ಕಂಡುಕೊಂಡಿದ್ದರು. ಕಾಳು ತಾನೇ ಮುಟ್ಟಬಾರದು? ತಿಂಗಳಿಗೊಮ್ಮೆ ಬಸ್ಸಿನ ಕಂಡಕ್ಟರ್ ಕೈಲಿ ಒಂದು ತಗಡಿನ ಡಬ್ಬಿ ಬರುತ್ತಿತ್ತು. ಅದರಲ್ಲಿ ಕಾಳೆಂಬುದೇ ಇಲ್ಲದ ತಿಂಡಿ: ಸಿಪ್ಪೆ ಊದಿದ ಕಡಲೆಕಾಯಿ ಬೀಜ, ಕುಂಬಳದ ಬೀಜ, ಸೌತೆ ಬೀಜ, ತೆಳ್ಳಗೆ ಹೆರೆದ ಕೊಬ್ಬರಿ, ಎಳ್ಳು. ಒಂದೊಂದನ್ನೂ ಬೇರೆಯಾಗಿ ಹುರಿದು, ಶುಂಠಿ ಏಲಕ್ಕಿ ಹಾಕಿದ ಬೆಲ್ಲದ ಪಾಕದಲ್ಲಿ ಹೊರಳಿಸಿ, ತಟ್ಟೆಗೆ ಹರವಿ, ಆರಿದ ಮೇಲೆ ಮುರಿದದ್ದು. ಅಕ್ಕ ತಂಗಿ ಇಬ್ಬರೂ ಅವ್ವನಿಂದ ಕಲಿತದ್ದು. ಅವ್ವ ಪುರಿಯನ್ನೂ ಹುರಿಗಡಲೆಯನ್ನೂ ಹಾಕುತ್ತಿದ್ದಳಂತೆ. ತಂಗಿ ಅವೆರಡನ್ನು ಕೈಬಿಟ್ಟಿದ್ದರು.

ಕಡಲೆಕಾಯಿ ದ್ವಿದಳ ಧಾನ್ಯದ ಕುಟುಂಬಕ್ಕೆ ಸೇರಿದ್ದೆಂದು ನಾನು ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಮನೆಯಲ್ಲಿ ಹೇಳಲಿಲ್ಲ. ಬೀಜಕ್ಕೂ ಕಾಳಿಗೂ ಏನು ವ್ಯತ್ಯಾಸ ಎಂದು ಒಮ್ಮೆ ಕೇಳಿದ್ದಕ್ಕೆ, "ಗಾಣಕ್ಕೋಗೋದು ಬೀಜ, ಬೀಸೋಕಲ್ಲಿಗೋಗೋದು ಕಾಳು. ಇಷ್ಟ್ ಹೇಳ್ಕೊಡಕ್ಕೆ ಕಾಲೇಜು ಬೇಕಾ?" ಎಂದಿದ್ದರು.

ಡಬ್ಬಿ ಬಂದ ಸಂಜೆ ಅವರು ಮೊರ ಒರೆಸಿ, ಜಗಲಿಯ ಬೆಳಕಿನಲ್ಲಿ ಕೂತು, ಒಂದೊಂದೇ ತುಂಡನ್ನು ತಿರುಗಿಸಿ ನೋಡುತ್ತಿದ್ದರು. ತಂಗಿ ಬೇಕೆಂದೇ ಒಂದು ಕಾಳು ಸೇರಿಸಿ ತಮ್ಮ ಆಣೆ ಕೆಡಿಸುತ್ತಾಳೆಂದು ಅವರ ಗುಮಾನಿ. "ಒಂದ್ ಕಾಳು ಸಿಗ್ಲಿ. ಮೊದಲ್ನೇ ಬಸ್ಸಿಗೋಗಿ ಅವ್ಳ ಪಡಸಾಲೇಲಿ ಕುಂತ್ಕೊಂಡು ಕೇಳ್ತೀನಿ. ಆಣೆ ಕೆಡಿಸ್ದೋಳು ಅವ್ಳೇ ಅಂದ್ಮ್ಯಾಲೆ ನಂಗೇನು ಹೊಸಲು?" ಕಾಳು ಸಿಗುತ್ತಿರಲಿಲ್ಲ. ಆಮೇಲೆ ಒಂದು ಚೂರು ಬಾಯಿಗೆ ಹಾಕಿಕೊಂಡು, ಎಳ್ಳು ಸೀದಿದೆ ಎಂದೋ ಪಾಕ ಏರಿದೆ ಎಂದೋ ತಪ್ಪು ತೆಗೆದು, ಡಬ್ಬಿಯನ್ನು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವರು. ಅವರು ತೀರಿಕೊಂಡು ಈಗ ಬಹಳ ವರ್ಷವಾಯಿತು. ಅಲ್ಲಿದ್ದಷ್ಟು ಕಾಲವೂ ಆ ಪೆಟ್ಟಿಗೆಯಿಂದ ನನಗೆ ಸಿಕ್ಕದ್ದು ಒಟ್ಟು ಮೂರು ತುಂಡು.

ನಾನಲ್ಲಿದ್ದ ಮೂರನೆಯ ವರ್ಷ ಅವರ ಕಣ್ಣಿಗೆ ಪೊರೆ ಬಂತು. ಮೊರ ನನ್ನ ಕೈಗೆ ಬಂತು. ಅವರು ಎದುರಿಗೆ ಕೂತು, ಕಂಡಷ್ಟು ಕಣ್ಣನ್ನು ನನ್ನ ಬೆರಳುಗಳ ಮೇಲೆ ಇಟ್ಟಿರುತ್ತಿದ್ದರು.

ಆ ವರ್ಷ ಶಿವರಾತ್ರಿಗೆ ಮುಂಚೆ ಡಬ್ಬಿ ತಂದ ಕಂಡಕ್ಟರ್ ತಕ್ಷಣ ಹೊರಡದೆ ನಿಂತ. "ಗೌರಮ್ಮೋರು ಹಾಸ್ಗೆ ಹಿಡಿದ್ಬುಟ್ಟವ್ರೆ ಕಣಜ್ಜಿ. ಸೊಸೆ ಕೈಲಿ ಹುರಿಸಿ, ಮಲಗಿದ್ದಂಗೇ ವಾಸ್ನೆ ನೋಡಿ ಸಾಕು ಅಂದ್ರಂತೆ. ಇದೇ ಕಡೇ ಡಬ್ಬಿ ಅಂತ ಹೇಳು ಅಂದವ್ರೆ."

ತಮ್ಮನ್ನು ಕರೆಸಿಕೊಳ್ಳಲು ಹೂಡಿದ ಆಟವಿರಬೇಕು ಎಂದರು ಶಿವನಂಜಮ್ಮ. ಕಂಡಕ್ಟರ್ ಬಸ್ಸಿಗೆ ಹೊತ್ತಾಯಿತೆಂದು ಹೋದ.

ಆ ಸಂಜೆ ನಾನು ಎಂದಿಗಿಂತ ನಿಧಾನವಾಗಿ ನೋಡಿದೆ. ಏನೂ ಇಲ್ಲ ಎಂದೆ.

"ಸರ್ಯಾಗಿ ನೋಡ್ದಾ?"

"ನೋಡಿದೆ, ಅಜ್ಜಿ."

"ತಳದ್ ಪುಡೀಲಿ?"

"ಅದನ್ನೂ ಕಾಗದದ ಮೇಲೆ ಹರವಿ ನೋಡಿದೆ. ಒಂದೂ ಇಲ್ಲ."

ಅವರಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವರು ಮೊರದ ಅಂಚನ್ನು ಸವರಿದರು. "ಹದಿಮೂರು ವರ್ಷ. ಒಂದೇ ಒಂದ್ ಕಾಳು ಹಾಕಕ್ಕೆ ಅವ್ಳಿಗೆ ಕೈ ಬರ್ಲಿಲ್ಲ ನೋಡು, ಮೇಡಮ್ಮ" ಎಂದರು. ಅಂದು ಒಂದು ಚೂರನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಪೆಟ್ಟಿಗೆಗೆ ಬೀಗವನ್ನೂ ಹಾಕಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ನಾನು ನನ್ನ ಅಡಿಗೆಯ ಡಬ್ಬಿಯಿಂದ ಒಂದು ಸಾಮೆಯಕ್ಕಿ ಕಾಳು ತೆಗೆದೆ. ಹಸಿಯಾಗಿದ್ದರೆ ಗೊತ್ತಾದೀತೆಂದು ಬಾಣಲೆಯಲ್ಲಿ ಹುರಿದೆ. ಅವರ ತಿಂಡಿಯ ಒಂದು ತುಂಡಿಗೆ ನೀರು ಸೋಕಿಸಿ, ಬೆಲ್ಲ ಮೆತ್ತಗಾದ ಮೇಲೆ ಹೆಬ್ಬೆರಳಿನಿಂದ ಕಾಳನ್ನು ಅದರೊಳಗೆ ಒತ್ತಿದೆ. ಅವರು ವಿಭೂತಿ ಹಚ್ಚಿಕೊಂಡು ಬಂದಾಗ ಮೊರ ಮುಂದಿಟ್ಟು, ನಿನ್ನೆ ನಾನು ಸರಿಯಾಗಿ ನೋಡಿರಲಿಲ್ಲ ಎಂದೆ.

ಅವರು ತುಂಡನ್ನು ಕೈಗೆ ತೆಗೆದುಕೊಂಡರು. ಉಗುರಿನಿಂದ ಒತ್ತಲಿಲ್ಲ. ಅಂಟಂಟಾಗಿದ್ದ ನನ್ನ ಹೆಬ್ಬೆರಳನ್ನು ಒಮ್ಮೆ ಮುಟ್ಟಿ ನೋಡಿದರು. ಆಮೇಲೆ ತುಂಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಹೊಳವನಹಳ್ಳಿಗೆ ಮೊದಲನೇ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.

ಏಳೂಕಾಲಿಗೆ ಎಂದೆ. ಎದುರುಮನೆಯ ಮೇಷ್ಟ್ರು ಆಗ ಜಗಲಿಯಲ್ಲೇ ನಿಂತಿದ್ದರು. ಅವರನ್ನು ಕೇಳಲಿಲ್ಲ.