ಟಾರು ಮುಗಿದಲ್ಲಿಂದ ಡ್ರೈವರಕ್ಕನ ಬ್ಯಾಂಕು

ಬೆಳಕು ಹರಿಯುವ ಹೊತ್ತು. ಸರ್ಕಾರಿ ಬ್ಯಾಂಕಿನ ಅಂಗಳದಲ್ಲಿ ನೀಲಿ ವ್ಯಾನಿನ ಗಾಜು ಒರೆಸುತ್ತಿರುವ ಹೆಂಗಸು, ಪತ್ರಿಕೆಗೆ ಬರೆಯಲೆಂದು ಬಂದ ನನ್ನನ್ನು ಕಂಡದ್ದೇ ಒದ್ದೆ ಬಟ್ಟೆ ಕೈಗಿಡುತ್ತಾರೆ. "ಸುಮ್ನೆ ನಿಂತ್ಕೊಂಡು ಏನ್ ಬರೀತೀರಾ? ಹಿಂದಿನ ಗಾಜು ಒರೆಸಿ, ಆಮೇಲೆ ಬರೀರಿ." ಒರೆಸುತ್ತೇನೆ. ಎಲ್ಲರೂ ಡ್ರೈವರಕ್ಕ ಎಂದೇ ಕರೆಯುವ ಇವರ ಮುಂದೆ ಮ್ಯಾನೇಜರರ ಆಟವೂ ನಡೆಯುವುದಿಲ್ಲವಂತೆ.

ವ್ಯಾನಿನೊಳಗೆ ಪುಟ್ಟ ಕೌಂಟರು, ಹೆಬ್ಬೆಟ್ಟಿನ ಗುರುತು ಹಿಡಿಯುವ ಯಂತ್ರ, ಒಬ್ಬ ಗುಮಾಸ್ತ. ವ್ಯಾನಿನ ನೆತ್ತಿಯ ಮೇಲೊಂದು ಆಂಟೆನಾ. ದಿನಕ್ಕೆ ತೊಂಬತ್ತು ಕಿಲೋಮೀಟರ್ ಓಡುವ ಈ ಬ್ಯಾಂಕಿನ ಕೊನೆಯ ನಿಲುಗಡೆ ಕಲ್ಲುಕ್ವಾರಿ. ಬೇರೆ ಬ್ಯಾಂಕುಗಳ ಜಾಹೀರಾತು ಟಾರು ಮುಗಿಯುವಲ್ಲಿಗೇ ಮುಗಿಯುತ್ತದೆ. ಅಲ್ಲಿಂದಾಚೆ ಕೂಲಿಗೂ ಪಿಂಚಣಿಗೂ ಈ ವ್ಯಾನೇ ದಿಕ್ಕು. ಇದರಿಂದ ಏನು ಲಾಭ ಎಂದು ಕೇಳಿ ಬೈಸಿಕೊಳ್ಳುತ್ತೇನೆ.

"ಲಾಭ ಇರೋ ಕಡೆ ಹೋಗೋಕೆ ಎಲ್ಲರೂ ಇದಾರೆ. ಇಲ್ದೇ ಇರೋ ಕಡೆ ಹೋಗೋಕಲ್ವಾ ಸರ್ಕಾರ ಬ್ಯಾಂಕ್ ಇಟ್ಟಿರೋದು?"

ಲಾರಿ ಓಡಿಸುತ್ತಿದ್ದ ಗಂಡನಿಗೆ ಬೆನ್ನು ಕೈಕೊಟ್ಟಾಗ ಸ್ಟೇರಿಂಗ್ ಹಿಡಿದವರು ಇವರು. "ಹೆಂಗಸಿನ ಕೈಲಿ ಕ್ವಾರಿ ಏರು ಹತ್ಸೋಕಾಗುತ್ತಾ?" ಎಂದು ನಕ್ಕಿದ್ದ ಗುಮಾಸ್ತ, ಈಗ ಬೇರೆ ಡ್ರೈವರ್ ಬರುವ ದಿನ ರಜೆ ಹಾಕುತ್ತಾನೆ.

ಇವತ್ತು ಮಾತ್ರ ಅಕ್ಕನ ಮುಖ ಬಿಗಿದಿದೆ. ಎರಡು ತಿಂಗಳಿಂದ ಕ್ವಾರಿಯಲ್ಲಿ ಯಂತ್ರಕ್ಕೆ ನೆಟ್‌ವರ್ಕ್ ಸಿಗುತ್ತಿಲ್ಲವೆಂದು ಆ ನಿಲುಗಡೆಯನ್ನೇ ರದ್ದು ಮಾಡಲು ಹೆಡ್ಡಾಫೀಸು ಹೊರಟಿದೆ. ನೋಡಿ ತೀರ್ಮಾನಿಸಲು ಅಧಿಕಾರಿಣಿಯೊಬ್ಬರು ಜೊತೆಗೇ ಬಂದಿದ್ದಾರೆ. ರದ್ದಾದರೆ ಕಲ್ಲೊಡೆಯುವ ಹೆಂಗಸರು ತಮ್ಮದೇ ದುಡ್ಡು ತೆಗೆಯಲು ಒಂದು ದಿನದ ಕೂಲಿ ಬಿಟ್ಟು ಪೇಟೆಗೆ ಅಲೆಯಬೇಕು.

ಕ್ವಾರಿ ತಲುಪಿ, ಎಂದಿನಂತೆ ದೊಡ್ಡ ಮರದಡಿ ನಿಲ್ಲಿಸುತ್ತಾರೆ. ಯಂತ್ರ ಮಿಸುಕುವುದಿಲ್ಲ. ಗುಮಾಸ್ತ ಟವರನ್ನು ಬೈಯುತ್ತಾನೆ.

"ಮರದ ಕೆಳಗೇ ಯಾಕಮ್ಮ ನಿಲ್ಲಿಸ್ತೀರಾ?" ಅಧಿಕಾರಿಣಿ ಕೇಳುತ್ತಾರೆ.

"ಬಿಸಿಲಲ್ಲಿ ಕಲ್ಲು ಒಡೆದು ಬರ್ತಾರೆ ಮೇಡಂ, ಪಾಪ, ನೆರಳಲ್ಲಿ ನಿಂತ್ಕೊಳ್ಲಿ ಅಂತ..." ಎನ್ನುತ್ತಲೇ ಅಕ್ಕ ಮೇಲೆ ನೋಡಿ ಹಣೆ ಚಚ್ಚಿಕೊಳ್ಳುತ್ತಾರೆ. ಹೊಸದಾಗಿ ಚಿಗುರಿದ ಕೊಂಬೆಗಳು ಆಂಟೆನಾವನ್ನು ಪೂರ್ತಿ ಮುಚ್ಚಿವೆ. "ಅಯ್ಯೋ, ನನ್ನ ಬುದ್ಧಿಗಿಷ್ಟು! ನೆರಳು ಕೊಡೋಕ್ ಹೋಗಿ ಬ್ಯಾಂಕನ್ನೇ ಕಳೀತಿದ್ನಲ್ಲ!"

ವ್ಯಾನು ಬಯಲಿಗೆ ಬರುತ್ತದೆ. ಸಾಲಿನ ಮುಂದಿದ್ದ ಅಜ್ಜಿ ಹೆಬ್ಬೆರಳು ಒತ್ತುತ್ತಾಳೆ. ಯಂತ್ರ ಕುಂಯ್ ಎನ್ನುತ್ತದೆ.

"ಬಂತೇನೇ?"

"ಬಂತಜ್ಜಿ, ಬಂತು!" ಅಕ್ಕ ಕೂಗುತ್ತಾರೆ.

ನನಗೇ ಹೋದ ಜೀವ ಬಂದಂತಾಗುತ್ತದೆ. ಈಗ ಬಿಸಿಲಿನ ಚಿಂತೆ. ಅಕ್ಕ ಸೀಟಿನಡಿಯ ಹಳೇ ಟಾರ್ಪಾಲು ಎಳೆದು ಒಂದು ತುದಿಯನ್ನು ವ್ಯಾನಿಗೆ ಕಟ್ಟಿ, ಇನ್ನೊಂದನ್ನು ಅಧಿಕಾರಿಣಿಯ ಕೈಗೇ ಕೊಡುತ್ತಾರೆ. ಬೆಳಿಗ್ಗೆ ನಾನು ಒದ್ದೆ ಬಟ್ಟೆ ಹಿಡಿದಂತೆಯೇ ಅವರೂ ಹಿಡಿದು ನಿಲ್ಲುತ್ತಾರೆ.

"ನಿಲುಗಡೆ ಇರುತ್ತೆ ಕಣಮ್ಮ," ಎನ್ನುತ್ತಾರೆ ಅಧಿಕಾರಿಣಿ, ಟಾರ್ಪಾಲಿನ ತೂತಿನಿಂದ ಕಣ್ಣಿಗೆ ಬಿದ್ದ ಬಿಸಿಲಿಗೆ ಮುಖ ಸರಿಸುತ್ತ. "ಹೆಡ್ಡಾಫೀಸಿಂದ ಬೇರೇನಾದ್ರೂ ಬೇಕಾ?"

"ತೂತಿಲ್ಲದ ಟಾರ್ಪಾಲು ಒಂದು ಕೊಡ್ಸಿ ಸಾಕು ಮೇಡಂ. ಬ್ಯಾಂಕು ನಾನು ತರ್ತೀನಿ."