ಪಾಳೇಗಾರರ ಕೆಂಪು ಮೂಲೆಗಳು

ನಮ್ಮ ಭಾವನಿಗೆ ಬಸ್ ಡಿಪೋದವರು ಇಟ್ಟ ಹೆಸರು ಪಾಳೇಗಾರ. ತೊಂಬತ್ತು ಮಂದಿ ಡ್ರೈವರ್, ಕಂಡಕ್ಟರುಗಳಿಗೆ ಯಾವ ವಾರ ಯಾವ ಪಾಳಿ ಎಂದು ಹಂಚುವವರು ಅವರೇ ಆದ್ದರಿಂದ ಹೆಸರು ಒಪ್ಪುತ್ತಿತ್ತು. ಅದೇ ಕೋಣೆಯಲ್ಲಿ ಬಿಡಿಭಾಗಗಳ ದಾಸ್ತಾನು ನೋಡಿಕೊಳ್ಳುವ ನಾನು ಅವರ ಹೆಂಡತಿಯ ತಂಗಿ. ಅವರನ್ನು ಮನೆಯಲ್ಲೂ ಸಹಿಸಿದ್ದೇನೆ, ಕಚೇರಿಯಲ್ಲೂ ಸಹಿಸಿದ್ದೇನೆ. ಅವರ ಬಗ್ಗೆ ಬರೆಯಲು ನನಗಿಂತ ಅರ್ಹರು ಸಿಗಲಾರರು.

ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರೀತೋ ಎನ್ನುವ ಜನ ಇರುತ್ತಾರಲ್ಲ, ಭಾವ ಆ ಪೈಕಿ. ಯಾರಾದರೂ ಬಂದು "ಸಾರ್, ಬೆಳಗಿನ ಪಾಳಿ ಬೇಡ" ಅಂದರೆ ತಲೆಯನ್ನೂ ಎತ್ತದೆ "ನೋಡೋಣ" ಅನ್ನುತ್ತಿದ್ದರು. ಬಂದ ಆಸಾಮಿ ಹೊರಗೆ ಹೋಗಿ ಶಾಪ ಹಾಕುತ್ತಿದ್ದ. ಮುಂದಿನ ವಾರ ಪಾಳಿ ಬದಲಾಗಿದ್ದರೆ ತನ್ನ ಶಾಪ ಫಲಿಸಿತೆಂದೇ ನಂಬುತ್ತಿದ್ದ. ಅಸಲಿಗೆ ಅವನು ಅತ್ತ ಹೋದೊಡನೆ ಭಾವ ಕಂಪ್ಯೂಟರಿನ ಪಟ್ಟಿಯಲ್ಲಿ ಅವನ ಹೆಸರಿನ ಚೌಕಕ್ಕೆ ಒಂದು ಟಿಪ್ಪಣಿ ಸಿಕ್ಕಿಸುತ್ತಿದ್ದರು. ಚೌಕದ ಮೂಲೆಯಲ್ಲಿ ಸಾಸಿವೆಯಷ್ಟು ಕೆಂಪು ಗುರುತು. ಮೌಸ್ ಅದರ ಮೇಲಿಟ್ಟರೆ ಮಾತ್ರ ಬರಹ ಕಾಣುತ್ತಿತ್ತು. "ಹೆಂಡತಿಗೂ ಆಸ್ಪತ್ರೆಯಲ್ಲಿ ರಾತ್ರಿ ಕೆಲಸ, ಇವನಿಗೆ ರಾತ್ರಿ ಬೇಡ." "ಗುಡ್ಡದ ತಿರುವಿಗೆ ಹೆದರುತ್ತಾನೆ, ಹೇಳಿಕೊಳ್ಳುವುದಿಲ್ಲ." "ಇವನನ್ನೂ ಹದಿನೇಳನೇ ನಂಬರಿನವನನ್ನೂ ಒಂದೇ ಬಸ್ಸಿಗೆ ಹಾಕಿದರೆ ಪ್ರಯಾಣಿಕರನ್ನು ದೇವರೇ ಕಾಪಾಡಬೇಕು." ಹನ್ನೊಂದು ವರ್ಷದಲ್ಲಿ ಇಂಥವು ನೂರಾ ಹದಿನಾಲ್ಕು ಸೇರಿದ್ದವು.

ಹೀಗಿರುವಾಗ ಡಿಪೋದ ಕಂಪ್ಯೂಟರುಗಳೆಲ್ಲ ಬದಲಾದವು. ಬದಲಾದದ್ದು ಡಬ್ಬವಷ್ಟೇ ಅಲ್ಲ, ಒಳಗಿನ ವ್ಯವಸ್ಥೆಯೇ ಬೇರೆ. ಹಳೆಯ ಆಫೀಸ್ ಪ್ರೋಗ್ರಾಂ ಅದಕ್ಕೆ ಒಗ್ಗುವುದಿಲ್ಲವಂತೆ. ಕಂಪ್ಯೂಟರ್ ಮೇಡಂ ಮೂರು ಹೊಸ ಪ್ರೋಗ್ರಾಂ ಹಾಕಿಕೊಟ್ಟು, "ಯಾವುದು ಬೇಕೋ ಶುಕ್ರವಾರದೊಳಗೆ ಹೇಳಿಬಿಡಿ" ಅಂದರು.

ಮ್ಯಾನೇಜರಿಗೆ ಮೊದಲನೆಯದರ ಮೇಲೆ ಕಣ್ಣು. ಒಂದು ಗುಂಡಿ ಒತ್ತಿದರೆ ಬಣ್ಣಬಣ್ಣದ ನಕ್ಷೆ ಬಿಡಿಸುತ್ತಿತ್ತು. ಭಾವ ಅದರಲ್ಲಿ ತಮ್ಮ ಪಟ್ಟಿ ತೆರೆದರು. ಹೆಸರು, ಪಾಳಿ ಎಲ್ಲ ಬಂತು, ಕೆಂಪು ಮೂಲೆ ಒಂದೂ ಬರಲಿಲ್ಲ. ಭಾವನ ಮುಖ ಸುಟ್ಟ ಬದನೆಕಾಯಿಯಾಯಿತು. ಎರಡನೆಯದರಲ್ಲಿ ಮೂಲೆಗಳಿದ್ದವು, ಆದರೆ ಬರಹ ಅರ್ಧಕ್ಕೇ ನಿಲ್ಲುತ್ತಿತ್ತು. "ಗುಡ್ಡದ ತಿರುವಿಗೆ", ಅಷ್ಟೇ. ಮೂರನೆಯದು ನೋಡಲು ಬೂದಿ ಬಣ್ಣ, ತೆರೆದುಕೊಳ್ಳುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದು. ಆದರೆ ನೂರಾ ಹದಿನಾಲ್ಕೂ ಇದ್ದವು. ಭಾವ ಒಂದೊಂದಾಗಿ ಎಣಿಸಿದರು.

"ಪಟ್ಟಿ ಬಂತಲ್ರೀ, ಇನ್ನೇನು ಬೇಕು?" ಅಂದರು ಮ್ಯಾನೇಜರ್.

ಭಾವ ತಮ್ಮ ಜೀವಮಾನದ ಅತಿ ದೊಡ್ಡ ಭಾಷಣ ಮಾಡಿದ್ದು ಆಗಲೇ. "ಪಟ್ಟಿ ಯಾರು ಬೇಕಾದ್ರೂ ಮಾಡ್ತಾರೆ ಸಾರ್. ಇನ್ನು ನಾಲ್ಕು ತಿಂಗಳಿಗೆ ನಾನು ರಿಟೈರ್ ಆಗ್ತೀನಿ. ಇದು ಹೋದ್ರೆ, ನನ್ನ ಜಾಗಕ್ಕೆ ಬರೋರು ಕಣ್ಣಿಗೆ ಬಟ್ಟೆ ಕಟ್ಕೊಂಡು ಪಾಳಿ ಹಾಕ್ತಾರೆ. ಯಾರ ಮನೇಲಿ ಏನಿದೆ ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು?"

ಮ್ಯಾನೇಜರ್ ಬೂದಿ ಬಣ್ಣಕ್ಕೆ ಸಹಿ ಹಾಕಿದರು. ನನಗೆ ಆ ದಿನ ಭಾವನ ಬಗ್ಗೆ ತುಂಬಾ ಹೆಮ್ಮೆಯಾಯಿತು. ಅವರಿಗೆ ಹೇಳಲಿಲ್ಲ, ಹೇಳಿದ್ದರೆ "ನೋಡೋಣ" ಅನ್ನುತ್ತಿದ್ದರು.

ಆದರೆ ಆ ಪ್ರೋಗ್ರಾಮಿಗೆ ಗುಟ್ಟು ಎಂದರೆ ಏನೆಂದೇ ತಿಳಿಯದು. ಸೋಮವಾರ ಪ್ರಿಂಟ್ ಕೊಟ್ಟರೆ ಪಟ್ಟಿ ಮುಗಿದ ಬೆನ್ನಿಗೇ ಟಿಪ್ಪಣಿಗಳನ್ನೂ ಹೆಸರಿನ ಸಮೇತ ಅಚ್ಚು ಹಾಕಿತು. ಎಂದಿನ ನಾಲ್ಕು ಹಾಳೆಯ ಬದಲು ಏಳು ಬಂದವು. ಹೊಸ ಅಕ್ಷರ ಸಣ್ಣದಾಯಿತೆಂದು ಗೊಣಗುತ್ತಲೇ ಭಾವ ಏಳನ್ನೂ ನೋಟಿಸ್ ಬೋರ್ಡಿಗೆ ಅಂಟಿಸಿ ಬಂದರು.

ಅರ್ಧ ಗಂಟೆಯಲ್ಲಿ ಡ್ರೈವರೊಬ್ಬ ಬುಸುಗುಟ್ಟುತ್ತಾ ಒಳಗೆ ಬಂದ. "ನಂಗೆ ಗುಡ್ಡದ ತಿರುವು ಭಯ ಅಂತ ಊರಿಗೆಲ್ಲ ಹೇಳಿದ್ದೀರಲ್ಲ ಸಾರ್!"

ಸಂಗತಿ ಅರ್ಥವಾಗಿ ಭಾವ ಬಿಳಿಚಿಕೊಂಡರು. "ಯಾರಿಗೂ ಹೇಳ್ಬಾರ್ದು ಅಂತಾನೇ ಅಲ್ಲಿ ಬರ್ದಿದ್ದೆ."

"ಹಾಗಾದ್ರೆ ಮೂರು ವರ್ಷದಿಂದ ನಂಗೆ ಬಯಲು ದಾರೀನೇ ಬರ್ತಿದ್ದದ್ದು..." ಅವನು ಮಾತು ಅರ್ಧಕ್ಕೆ ಬಿಟ್ಟು, ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದುಕೊಂಡು ಹೋದ.

ಭಾವ ಕುರ್ಚಿಯಿಂದ ಏಳಲೇ ಇಲ್ಲ. ಮಧ್ಯಾಹ್ನ ಗುಂಪು ಕರಗಿದ ಮೇಲೆ, ಹಾಳೆ ಕಿತ್ತು ತರೋಣವೆಂದು ನನ್ನನ್ನೂ ಎಳೆದುಕೊಂಡು ಹೊರಟರು. ಬೋರ್ಡಿನ ಮುಂದೆ ಇಬ್ಬರೂ ನಿಂತುಬಿಟ್ಟೆವು. ಟಿಪ್ಪಣಿಗಳ ಕೆಳಗೆಲ್ಲ ಪೆನ್ನಿನಲ್ಲಿ ಬರೆದಿದ್ದರು. "ಮಂಡಿ ವಾಸಿಯಾಗಿದೆ, ದೂರದ ದಾರಿ ಹಾಕಿ." "ಹದಿನೇಳನೇ ನಂಬರಿನವನು ಈಗ ನನ್ನ ಭಾವಮೈದುನ. ಒಂದೇ ಬಸ್ಸಿಗೆ ಹಾಕದಿದ್ದರೆ ಮನೆಯಲ್ಲಿ ನನಗೆ ಉಳಿಗಾಲವಿಲ್ಲ." ನಾನು ಜೋರಾಗಿ ನಕ್ಕೆ. ಭಾವನೂ ನಗುವುದರಲ್ಲಿದ್ದರು.

ಆರನೇ ಹಾಳೆಯಲ್ಲಿ ಒಬ್ಬ ಕಂಡಕ್ಟರಮ್ಮನ ಹೆಸರಿನ ಮುಂದೆ ಭಾವನ ಟಿಪ್ಪಣಿ ಇತ್ತು: "ತಾಯಿಗೆ ಬೆಳಗ್ಗೆ ಇವಳೇ ಔಷಧಿ ಕೊಡಬೇಕು. ಹತ್ತಕ್ಕೆ ಮುಂಚೆ ಹಾಕಬೇಡ." ಅದರ ಕೆಳಗೆ ನೀಲಿ ಶಾಯಿಯಲ್ಲಿ: "ಅಮ್ಮ ಹೋಗಿ ಎರಡು ವರ್ಷವಾಯಿತು ಸಾರ್. ಬೆಳಗ್ಗೆ ಆ ಮನೆಯಲ್ಲಿ ಒಬ್ಬಳೇ ಇರಲು ಆಗುವುದಿಲ್ಲ. ನಿಮ್ಮನ್ನು ಕೇಳಲು ಭಯವಾಗಿ ಸುಮ್ಮನಿದ್ದೆ."

ಭಾವ ಅದನ್ನು ಎರಡು ಸಲ ಓದಿದರು. "ದಿನಾ ನನ್ನ ಟೇಬಲ್ ಮುಂದೇನೇ ಸೈನ್ ಹಾಕ್ತಾಳೆ" ಅಂದರು. "ಎರಡು ವರ್ಷ. ಒಂದಿನ ಕೇಳ್ಲಿಲ್ಲ ನಾನು."

 

ಹಾಳೆಗಳನ್ನು ಅಲ್ಲೇ ಬಿಟ್ಟು ಭಾವ ಅಂಗಳ ದಾಟಿದರು, ನಾನೂ ಹಿಂದೆಯೇ ಹೋದೆ. ಆಕೆ ನೆರಳಿನ ಬೆಂಚಿನ ಮೇಲೆ ಒಬ್ಬಳೇ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ಇವರನ್ನು ಕಂಡು ಗಾಬರಿಯಾಗಿ ಏಳಹೋದಳು.

"ಕೂತ್ಕೋಮ್ಮ" ಅಂದರು ಭಾವ. ಆಮೇಲೆ ಕೇಳಿದರು: "ಅಮ್ಮನಿಗೆ ಏನಾಗಿತ್ತು?"

ಆಕೆ ಡಬ್ಬಿ ಪಕ್ಕಕ್ಕೆ ಸರಿಸಿ ಅವರಿಗೆ ಕೂರಲು ಜಾಗ ಮಾಡಿಕೊಟ್ಟಳು.